ಶಾಲೆಯಲ್ಲಿ ಪುಕ್ಕಟೆ ಸೃಜನಶೀಲ ತಂತ್ರಾಂಶ: ನಂಬಿರುವುದೇನು, ನಿಜವೇನು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಮೇಷ್ಟ್ರ ಜೇಬಿನಲ್ಲಿ ಮೊಬೈಲ್ ಇದೆ. ಕೆಲವು ಶಾಲೆಗಳಲ್ಲಿ ಕಂಪ್ಯೂಟರ್ ಕೂಡ ಇದೆ. ಅದರಲ್ಲಿ ಮಕ್ಕಳು ಪಾಠದ ವಿಡಿಯೊ ನೋಡುತ್ತಾರೆ. ತಾವೇ ಚಿತ್ರ ಬಿಡಿಸಿ, ಕಥೆ ಕಟ್ಟಿ, ಅದಕ್ಕೆ ದನಿ ಕೊಡುವುದು ಮಾತ್ರ ಅಪರೂಪ. ಯಾಕೆ ಎಂದು ಕೇಳಿದರೆ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ಪರೀಕ್ಷಿಸದೆ ನಂಬಿಕೊಂಡು ಬಂದವು.

‘ನಮ್ಮೂರಾಗ ನೆಟ್ಟೇ ಸರಿಯಾಗಿ ಬರಲ್ಲ ಸರ್’

ಮೊದಲು ಬರುವ ಮಾತು ಇದೇ. ನೆಟ್ ಬರುವುದಿಲ್ಲ ಎಂಬುದು ನಿಜವಿರಬಹುದು, ಆದ್ದರಿಂದ ಏನೂ ಮಾಡಲಾಗದು ಎಂಬುದು ನಿಜವಲ್ಲ. ಟಕ್ಸ್ ಪೇಂಟ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ 2002ರಿಂದ ಉಚಿತವಾಗಿ ಸಿಗುತ್ತಿದೆ. ಪೇಟೆಗೆ ಹೋದಾಗ ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದರೆ ಸಾಕು, ಆಮೇಲೆ ನೆಟ್ ಬೇಕಿಲ್ಲ. ಮೂಲೆ ಸೇರಿರುವ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಚಿತ್ರ ಉಳಿಸುವಾಗ ಇದು ಮಗುವಿಗೆ ಕಡತದ ಹೆಸರು ಕೇಳುವುದಿಲ್ಲ. ಮರುದಿನ ತೆರೆದರೆ ಚಿತ್ರಗಳು ಪುಟ್ಟ ಪುಟ್ಟದಾಗಿ ಸಾಲಾಗಿ ಕಾಣುತ್ತವೆ, ತನ್ನದು ಯಾವುದೆಂದು ಮಗು ಗುರುತಿಸಿ ಒತ್ತುತ್ತದೆ. ಓದಲು ಬಾರದ ಒಂದನೇ ತರಗತಿಯ ಮಗು ಯಾರ ಸಹಾಯವೂ ಇಲ್ಲದೆ ತನ್ನ ಕೆಲಸಕ್ಕೆ ಮರಳಬಹುದು.

‘ಇಂಗ್ಲಿಷ್ ಬರಬೇಕಲ್ಲ?’

ಬೇಕಿಲ್ಲ. ಟಕ್ಸ್ ಪೇಂಟ್ ಕನ್ನಡದಲ್ಲೂ ಇದೆ, ಆಟದ ಮೂಲಕ ಕಲಿಸುವ ಜಿಕಾಂಪ್ರಿಯೂ ಕನ್ನಡದಲ್ಲಿದೆ. 2014ರಲ್ಲಿ ಬಂದ ಸ್ಕ್ರ್ಯಾಚ್‌ ಜೂನಿಯರ್ ಆ್ಯಪ್‌ನಲ್ಲಂತೂ ಆಜ್ಞೆಗಳೆಲ್ಲ ಚಿತ್ರದ ತುಂಡುಗಳು. 5ರಿಂದ 7 ವರ್ಷದ ಮಕ್ಕಳಿಗೆಂದೇ ಮಾಡಿದ್ದು. ಬಾಣದ ಗುರುತಿನ ತುಂಡುಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಬೊಂಬೆ ನಡೆಯುತ್ತದೆ, ಜಿಗಿಯುತ್ತದೆ.

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ತಾಯಿಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವ ಸಂಗತಿ ಆ ಸೀಮೆಯ ಮಕ್ಕಳಿಗೆ ಹೊಸದಲ್ಲ. ಆ ಕರಡಿಯನ್ನು ಮಗು ಈ ಆ್ಯಪ್‌ನಲ್ಲಿ ತಾನೇ ಬರೆದು, ಬೆನ್ನ ಮೇಲೆ ಮರಿ ಕೂರಿಸಿ, ಗುಡ್ಡದ ಕಡೆ ನಡೆಸಿ, ‘ಅವ್ವಾ, ಹಸಿವಾಗೈತಿ’ ಎಂದು ಮರಿಯ ದನಿಯನ್ನು ತಾನೇ ಮುದ್ರಿಸಬಹುದು. ಇಷ್ಟಕ್ಕೆ ಬೇಕಾದ ಭಾಷೆ ಮನೆಯಲ್ಲಿ ಆಡುವ ಕನ್ನಡ ಮಾತ್ರ. ನನ್ನ ಮಟ್ಟಿಗೆ ಈ ಸಾಧನಗಳ ದೊಡ್ಡ ಬಲ ಇಲ್ಲೇ ಇದೆ: ಪಠ್ಯಪುಸ್ತಕದಲ್ಲಿ ಜಾಗ ಸಿಗದ ತನ್ನೂರಿನ ಮಾತು ಮಗುವಿನ ಕೈಯಿಂದಲೇ ಪರದೆಗೆ ಬರುತ್ತದೆ.

ಕನ್ನಡದಲ್ಲಿ ನಿಜವಾಗಿ ತೊಡಕಾಗುವುದು ಬೇರೆ ಕಡೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೇ ಅಂಟಿಸಿದರೆ ಪರದೆಯ ತುಂಬ ಅರ್ಥವಿಲ್ಲದ ಗುರುತುಗಳು ಮೂಡುತ್ತವೆ. ಆಗ ‘ಇದರಲ್ಲಿ ಕನ್ನಡ ಬರಲ್ಲ’ ಎಂದು ಕೈಬಿಡುವವರಿದ್ದಾರೆ. ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿದರೆ ಈ ತೊಂದರೆ ಇಲ್ಲ. ಮೊಬೈಲಿನ ಕನ್ನಡ ಕೀಲಿಮಣೆ ಕೊಡುವುದೂ ಯೂನಿಕೋಡನ್ನೇ.

‘ಮಗುವಿಗೊಂದು ಕಂಪ್ಯೂಟರ್ ಇದ್ದರೆ ಮಾತ್ರ’

1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಇಡೀ ರಾಜ್ಯಕ್ಕೆ ಹಬ್ಬಿದ ನಲಿ-ಕಲಿ ಕಲಿಕಾ ಪದ್ಧತಿಯಲ್ಲಿ ಮಕ್ಕಳನ್ನು ಗುಂಪು ಮಾಡಿ ಕೂರಿಸುವುದು ನಮ್ಮ ಶಿಕ್ಷಕರಿಗೆ ರೂಢಿಯಾಗಿದೆ. ಒಂದೇ ಕಂಪ್ಯೂಟರ್ ಇದ್ದರೆ ಒಂದು ಗುಂಪು ಅದರ ಮುಂದೆ, ಉಳಿದವರು ಕಾಗದ, ಬಣ್ಣ, ಮಣ್ಣಿನ ಜೊತೆ. ಸರದಿ ಬರುವ ಮೊದಲು ಕಾಗದದ ಮೇಲೆ ಯೋಚಿಸಿಕೊಂಡ ಗುಂಪಿನ ಕಥೆ ಗಟ್ಟಿಯಾಗಿರುತ್ತದೆ. ಪರದೆ ಬಂತೆಂದು ಸ್ಲೇಟು, ಬಳಪ, ಜೇಡಿಮಣ್ಣನ್ನು ಬದಿಗೆ ಸರಿಸುವುದು ಸರಿಯಲ್ಲ. ಆರೇಳು ವರ್ಷದ ಬೆರಳುಗಳಿಗೆ ಅವೇ ಮೊದಲು ಬೇಕು.

‘ನೆಟ್‌ನಲ್ಲಿ ಸಿಕ್ಕ ಚಿತ್ರ ಎಲ್ಲರದ್ದು’

ಇದು ಪೂರ್ತಿ ತಪ್ಪು. ಹುಡುಕಿದಾಗ ಬರುವ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಒಡೆಯರಿದ್ದಾರೆ. ತರಗತಿಯೊಳಗೆ ಪಾಠಕ್ಕಾಗಿ ಬಳಸಲು 1957ರ ಕೃತಿಸ್ವಾಮ್ಯ ಕಾಯ್ದೆ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಅವಕಾಶ ಕೊಟ್ಟಿದೆ, ಆದರೆ ಅದನ್ನೇ ಪುಸ್ತಕ ಮಾಡಿ ಹಂಚುವುದು ಬೇರೆ ಮಾತು. ಹಂಚುವ ಆಸೆ ಇದ್ದರೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಒಳ್ಳೆಯ ಜಾಗ. ಅಲ್ಲಿನ ಕಥೆ, ಚಿತ್ರಗಳನ್ನು ಕರ್ತೃವಿನ ಹೆಸರು ನಮೂದಿಸಿ ಯಾರು ಬೇಕಾದರೂ ಬಳಸಬಹುದು, ಅನುವಾದಿಸಬಹುದು, ಮುದ್ರಿಸಬಹುದು. ಕನ್ನಡದ ಕಥೆಗಳನ್ನು ಓದುವ ಹಂತದ ಪ್ರಕಾರ ಜೋಡಿಸಲಾಗಿದೆ. ಅಲ್ಲಿನ ಚಿತ್ರ ಆರಿಸಿ ಪುಟಪುಟಕ್ಕೂ ಸಾಲು ಬರೆಯುತ್ತ ಹೋದರೆ ಹೊಸ ಪುಸ್ತಕ ತಯಾರಾಗುತ್ತದೆ. ಮಕ್ಕಳು ಬಿಡಿಸಿದ ಚಿತ್ರದ ಫೋಟೊ ತೆಗೆದು ಸೇರಿಸಲೂ ಬಹುದು. ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಅಲ್ಲಿನ ಹಕ್ಕಿಗಳ ಬಗ್ಗೆ ಆ ಊರಿನ ಮಕ್ಕಳೇ ಬರೆದ ಪುಸ್ತಕ ಯಾಕಿರಬಾರದು? ಹಡಗಲಿ ಮಲ್ಲಿಗೆಯ ಬಗ್ಗೆ, ಉಚ್ಚಂಗಿದುರ್ಗದ ಬಗ್ಗೆ, ಕೊಟ್ಟೂರೇಶ್ವರನ ತೇರಿನ ಬಗ್ಗೆ?

ಒಂದು ಎಚ್ಚರ. ಇಂಥ ಮುಕ್ತ ಪರವಾನಗಿಯಲ್ಲಿ ಒಮ್ಮೆ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯಲಾಗದು. ಪ್ರಕಟಿಸುವ ಮೊದಲು ಮಗುವನ್ನೂ ಪಾಲಕರನ್ನೂ ಕೇಳಿ.

‘ಪುಕ್ಕಟೆ ಅಂದಮೇಲೆ ಕಳೆದುಕೊಳ್ಳುವುದೇನು?’

ಎಲ್ಲ ಪುಕ್ಕಟೆಯೂ ಒಂದೇ ಅಲ್ಲ. ಟಕ್ಸ್ ಪೇಂಟ್ ಖಾತೆ ಕೇಳುವುದಿಲ್ಲ, ಜಾಹೀರಾತು ತೋರಿಸುವುದಿಲ್ಲ. ಆದರೆ ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರ್ ಕೇಳಿ, ನಡುನಡುವೆ ಜಾಹೀರಾತು ತುರುಕುವ ಆ್ಯಪ್‌ಗಳೂ ಪುಕ್ಕಟೆ ಎಂದೇ ಸಿಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆಂಬುದು ಅದರ ಸಾಮಾನ್ಯ ನಿಯಮ. ಆದ್ದರಿಂದ ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯಬೇಡಿ. ಖಾತೆ ಬೇಕಾದ ಕಡೆ ಶಿಕ್ಷಕರದು ಒಂದೇ ಸಾಕು. ಮಕ್ಕಳ ಮುಖ, ಪೂರ್ಣ ಹೆಸರು, ಊರು ಮೂರನ್ನೂ ಸೇರಿಸಿ ಎಲ್ಲೂ ಹಾಕಬೇಡಿ.

‘ಚೆಂದ ಕಂಡರೆ ಸೃಜನಶೀಲ’

ಸಿದ್ಧ ಮಾದರಿಯಲ್ಲಿ ಹೆಸರು ಬದಲಿಸಿದ ಪೋಸ್ಟರ್, ಒಂದು ಸಾಲು ಹೇಳಿ ಎಐನಿಂದ ಬರೆಸಿದ ಚಿತ್ರ ಎರಡೂ ನೋಡಲು ಸೊಗಸಾಗಿರುತ್ತವೆ. ಬಣ್ಣ ಯಾವುದು, ಕರಡಿ ಎಲ್ಲಿ ನಿಲ್ಲಬೇಕು, ಮುಂದೆ ಏನಾಗಬೇಕು ಎಂದು ಅಲ್ಲಿ ಮಗು ತೀರ್ಮಾನಿಸಿರುವುದಿಲ್ಲ. ಸೊಟ್ಟ ಕಾಲಿನ ಕರಡಿ ಬರೆದ ಮಗು ಅದನ್ನೆಲ್ಲ ತೀರ್ಮಾನಿಸಿರುತ್ತದೆ. ಗೋಡೆಗೆ ಹಚ್ಚಬೇಕಾದದ್ದು ಆ ಸೊಟ್ಟ ಕಾಲಿನ ಕರಡಿಯನ್ನೇ.

ಮೇಷ್ಟ್ರೇ, ಟೀಚರಮ್ಮಾ, ಮುಂದಿನ ಸಲ ಮೀಟಿಂಗಿಗೆಂದು ತಾಲ್ಲೂಕು ಕೇಂದ್ರಕ್ಕೆ ಹೋಗುವಾಗ ಒಂದು ಪೆನ್‌ಡ್ರೈವ್ ಜೊತೆಗಿರಲಿ. ಟಕ್ಸ್ ಪೇಂಟ್ ತುಂಬಿಕೊಂಡು ಬನ್ನಿ. ಮೌಸನ್ನು ಮಗುವಿನ ಕೈಗೆ ಕೊಡಿ, ತಿದ್ದಲು ಅವಸರ ಮಾಡಬೇಡಿ.