3 ಸೆಲ್ ಮೋಟಾರಿಗೆ 4 ಸೆಲ್ ಬ್ಯಾಟರಿ ಹಾಕಬಹುದೇ?

ಪ್ರಶ್ನೆ: ನನ್ನ ಮಾದರಿ ವಿಮಾನದ ಬ್ರಷ್‌ಲೆಸ್ ಮೋಟಾರು 3 ಸೆಲ್ ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ ಓಡುತ್ತಿದೆ. 4 ಸೆಲ್ ಹಾಕಿದರೆ ಸುಟ್ಟುಹೋಗುತ್ತದೆಯೇ?

ಉತ್ತರ: ಇಷ್ಟು ವೋಲ್ಟೇಜ್ ಏರಿದ ಮಾತ್ರಕ್ಕೆ ಮೋಟಾರು ಸುಡುವುದಿಲ್ಲ, ಸುಡುವುದು ಅದು ಎಳೆದುಕೊಳ್ಳುವ ಕರೆಂಟಿನಿಂದ. 1000 ಕೆವಿ (ಅಂದರೆ ಪ್ರತಿ ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಮೋಟಾರು ಹೊರೆಯಿಲ್ಲದೆ 3 ಸೆಲ್‌ನ 11.1 ವೋಲ್ಟಿನಲ್ಲಿ ನಿಮಿಷಕ್ಕೆ ಸುಮಾರು 11,100 ಸುತ್ತು ತಿರುಗಿದರೆ, 4 ಸೆಲ್‌ನ 14.8 ವೋಲ್ಟಿನಲ್ಲಿ 14,800 ಸುತ್ತು. ತೊಂದರೆ ಇರುವುದು ಪ್ರೊಪೆಲ್ಲರಿನಲ್ಲಿ. ಅದು ಬೇಡುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಅದೇ ಪ್ರೊಪೆಲ್ಲರ್ ಉಳಿಸಿಕೊಂಡರೆ ಲೆಕ್ಕಕ್ಕೆ ಶಕ್ತಿ 2.4 ಪಟ್ಟು, ಕರೆಂಟು 1.8 ಪಟ್ಟು, ಸುರುಳಿಯ ಬಿಸಿ 3 ಪಟ್ಟಿಗೂ ಮಿಗಿಲು. ಗಾಳಿಯಲ್ಲಿ ಇದು ತುಸು ತಗ್ಗುತ್ತದೆ, ಆದರೂ ಚಿಕ್ಕ ಪ್ರೊಪೆಲ್ಲರ್ ಹಾಕಲೇಬೇಕು.

ಸ್ಪೀಡ್ ಕಂಟ್ರೋಲರ್ ಮಾತ್ರ ವೋಲ್ಟೇಜನ್ನೇ ತಡೆಯದೆ ಹೋಗಬಹುದು. ಪೂರ್ತಿ ಚಾರ್ಜಾದ 4 ಸೆಲ್ ಎಂದರೆ 16.8 ವೋಲ್ಟ್, 16 ವೋಲ್ಟಿನ ಕೆಪಾಸಿಟರ್ ಅದರಲ್ಲಿದ್ದರೆ ಮಿತಿ ಅಲ್ಲಿಗೇ ದಾಟಿತು. ಬ್ಯಾಟರಿಯ ತಂತಿ ಉದ್ದವಾದಷ್ಟೂ ವೋಲ್ಟೇಜಿನ ಜಿಗಿತಗಳು ಮಾಸ್‌ಫೆಟ್‌ಗಳನ್ನು ಇನ್ನಷ್ಟು ಬಾಧಿಸುತ್ತವೆ. ಸರ್ವೋಗಳಿಗೆ 5 ವೋಲ್ಟ್ ಕೊಡುವ ಲೀನಿಯರ್ ಬಿಇಸಿ ಒಳಗಿದ್ದರೆ ಅದೂ ಹೆಚ್ಚು ಕಾಯುತ್ತದೆ. ಅದು ಹಾರಾಟದ ನಡುವೆ ಕೈಕೊಟ್ಟರೆ ವಿಮಾನ ನಿಮ್ಮ ಹಿಡಿತದಲ್ಲೇ ಇರುವುದಿಲ್ಲ. ಹಾಗಾಗಿ ಕಂಟ್ರೋಲರಿನ ಮೇಲೆ 4 ಸೆಲ್ ಎಂದು ಬರೆದಿದ್ದರಷ್ಟೇ ಮುಂದುವರಿಯಿರಿ. ವಿಮಾನವನ್ನು ನೆಲದಲ್ಲೇ ಭದ್ರವಾಗಿ ಬಿಗಿದು, ವಾಟ್ ಮೀಟರಿನಲ್ಲಿ ಪೂರ್ಣ ಥ್ರಾಟಲ್ ಕರೆಂಟು ನೋಡಿದ ಮೇಲೆ ಹಾರಿಸಿ.