ಪಹಣಿಯ ಚುಕ್ಕೆ ದಶಾಂಶದ ಚುಕ್ಕೆಯಲ್ಲ

ಕೃಷ್ಣರಾಜನಗರದ ಕಡೆಯ ಯಾವುದೇ ಪಹಣಿ ತೆಗೆದು ವಿಸ್ತೀರ್ಣದ ಕಾಲಂ ನೋಡಿ. 1.28.12 ಎನ್ನುವಂಥ ಅಂಕಿ ಕಾಣುತ್ತದೆ. ಅದನ್ನು ಒಂದು ಎಕರೆ, ಇಪ್ಪತ್ತೆಂಟು ಗುಂಟೆ, ಹನ್ನೆರಡು ಆಣೆ ಎಂದು ಓದಬೇಕು. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಶಾಲೆಯ ಲೆಕ್ಕದಲ್ಲಿ ಹತ್ತು ತುಂಬಿದ ಕೂಡಲೇ ಕೈಯಲ್ಲಿ ಒಂದು ಉಳಿಯುತ್ತದೆ. ಜಮೀನಿನ ಲೆಕ್ಕದಲ್ಲಿ ಹಾಗಾಗುವುದು ಆಣೆಯ ಮನೆಯಲ್ಲಿ 16, ಗುಂಟೆಯ ಮನೆಯಲ್ಲಿ 40 ತುಂಬಿದಾಗ.

ಇದು ಗೊತ್ತಿಲ್ಲದೆ ಕ್ಯಾಲ್ಕುಲೇಟರ್ ಒತ್ತಿದರೆ ಏನಾಗುತ್ತದೆ ನೋಡಿ. ಒಂದೇ ಮನೆಯವರಿಗೆ ಮೂರು ಕಡೆ ಗದ್ದೆ ಇದೆ: 1 ಎಕರೆ 28 ಗುಂಟೆ, 35 ಗುಂಟೆ, 2 ಎಕರೆ 6 ಗುಂಟೆ. 1.28, 0.35, 2.06 ಎಂದು ಒತ್ತಿ ಕೂಡಿದರೆ 3.69 ಬರುತ್ತದೆ. ಅದನ್ನೇ ಮೂರೂ ಮುಕ್ಕಾಲು ಎಕರೆಗೆ ಸ್ವಲ್ಪ ಕಡಿಮೆ ಎಂದುಕೊಂಡರೆ ಕೆಟ್ಟೆವು. 69 ಗುಂಟೆಯಲ್ಲಿ ಒಂದು ಎಕರೆ ಅಡಗಿ ಕೂತಿದೆ. ಸರಿಯಾದ ಮೊತ್ತ 4 ಎಕರೆ 29 ಗುಂಟೆ. ಒಂದು ಎಕರೆಗೂ ಹೆಚ್ಚು ಗದ್ದೆ ಕಾಗದದ ಮೇಲೆಯೇ ಕರಗಿಹೋಗುತ್ತಿತ್ತು.

ಈಗ ಆಣೆಯನ್ನೂ ಸೇರಿಸಿ ಕೂಡೋಣ. 1-28-12, 0-35-9, 2-6-10. ಬಲದಿಂದ ಶುರು. ಆಣೆ 12, 9, 10 ಸೇರಿ 31. ಅದರಲ್ಲಿ ಒಂದು 16 ಹೋದರೆ 15. ಹದಿನೈದು ಬರೆದು, ಕೈಯಲ್ಲಿ ಒಂದು ಗುಂಟೆ. ಗುಂಟೆ 28, 35, 6, ಜೊತೆಗೆ ಕೈಯಲ್ಲಿದ್ದ 1, ಒಟ್ಟು 70. ಅದರಲ್ಲಿ 40 ಹೋದರೆ 30. ಮೂವತ್ತು ಬರೆದು, ಕೈಯಲ್ಲಿ ಒಂದು ಎಕರೆ. ಎಕರೆ 1, 2, 1 ಸೇರಿ 4. ಉತ್ತರ 4-30-15.

ಕಳೆಯುವಾಗ ಕಡ ತರುವುದೂ ಹೀಗೆಯೇ. 2-6-4ರಲ್ಲಿ 0-18-9 ನಾಲೆಗೆ ಹೋಯಿತು ಎನ್ನೋಣ. ನಾಲ್ಕರಲ್ಲಿ ಒಂಬತ್ತು ಹೋಗದು. ಒಂದು ಗುಂಟೆ ಕಡ ತಂದರೆ 16 ಆಣೆ ಬರುತ್ತದೆ, 20ರಲ್ಲಿ 9 ಹೋದರೆ 11. ಉಳಿದ 5 ಗುಂಟೆಯಲ್ಲಿ 18 ಹೋಗದು; ಒಂದು ಎಕರೆ ಕಡ ತಂದರೆ 45, ಅದರಲ್ಲಿ 18 ಹೋದರೆ 27. ಉಳಿಯುವುದು 1-27-11. ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ: ಕೈ ಅಭ್ಯಾಸಬಲದಿಂದ ಹತ್ತನ್ನೇ ಕಡ ತಂದುಬಿಡುತ್ತದೆ.

ಅಣ್ಣತಮ್ಮಂದಿರ ಪಾಲಿನ ಲೆಕ್ಕ ಇನ್ನೂ ಸೊಗಸಾದದ್ದು. 4-30-15 ಮೂವರಿಗೆ ಸಮಪಾಲು ಆಗಬೇಕು. ಭಾಗಿಸುವಾಗ ಎಡದಿಂದ ಶುರು. 4 ಎಕರೆಯಲ್ಲಿ ತಲೆಗೊಂದು, ಮಿಕ್ಕಿದ್ದು 1. ಆ ಒಂದನ್ನು 40 ಗುಂಟೆ ಮಾಡಿ 30ಕ್ಕೆ ಸೇರಿಸಿದರೆ 70; ತಲೆಗೆ 23, ಮಿಕ್ಕಿದ್ದು 1. ಅದನ್ನು 16 ಆಣೆ ಮಾಡಿ 15ಕ್ಕೆ ಸೇರಿಸಿದರೆ 31; ತಲೆಗೆ 10, ಮಿಕ್ಕಿದ್ದು ಒಂದೇ ಆಣೆ. ಒಬ್ಬೊಬ್ಬರಿಗೆ 1-23-10. ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ 1,089 ಚದರಡಿ. ಹಾಗಾಗಿ ಮಿಕ್ಕ ಆ ಒಂದು ಆಣೆ ಸುಮಾರು 68 ಚದರಡಿ, ಒಂದು ಕೊಟ್ಟಿಗೆಯ ಮೂಲೆಯಷ್ಟು. ಅದಕ್ಕಾಗಿ ಜಗಳ ಬೇಡ.

33 ಅಡಿ ಹಿಂದಿನ ಸರ್ವೆ ಸರಪಳಿಯ ಉದ್ದ. ಆ ಸರಪಳಿಯನ್ನೂ 16 ಆಣೆಗಳಾಗಿ ಭಾಗ ಮಾಡಿರುತ್ತಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಿದ್ದರೆ ಒಂದು ಗುಂಟೆ; ಒಂದು ಸರಪಳಿ ಉದ್ದ, ಒಂದು ಆಣೆ ಅಗಲವಿದ್ದರೆ ಒಂದು ಆಣೆ ನೆಲ. ಅಳೆದ ಅಂಕಿಯನ್ನು ಗುಣಿಸಿದರೆ ವಿಸ್ತೀರ್ಣ ನೇರ ಕೈಗೆ ಬರುತ್ತಿತ್ತು. ಎಷ್ಟು ಅಚ್ಚುಕಟ್ಟಾದ ಏರ್ಪಾಡು! 1957ರ ಏಪ್ರಿಲ್ 1ಕ್ಕೆ ದಶಮಾನ ನಾಣ್ಯ ಬಂದು ರೂಪಾಯಿಯ 16 ಆಣೆ ಹೋಯಿತು. ನೆಲದ ಆಣೆ ಇಂದಿಗೂ ಉಳಿದಿದೆ.

ಹದಿನಾರಕ್ಕೆ ಒಂದು ದೊಡ್ಡ ಗುಣವಿದೆ. ನಾಲ್ಕು ಸಲ ಅರ್ಧ ಮಾಡಿದರೂ ಒಡಕು ಬರುವುದಿಲ್ಲ. ಅರೆ ಎಂದರೆ 8, ಕಾಲು 4, ಅರೆಕಾಲು 2, ವೀಸ 1 ಆಣೆ. ಈ ನಾಲ್ಕನ್ನು ಒಂದೊಂದೇ ಸಲ ಬಳಸಿ, ಬೇಡವಾದದ್ದನ್ನು ಬಿಟ್ಟು, ಒಂದರಿಂದ ಹದಿನೈದರವರೆಗೆ ಎಷ್ಟು ಆಣೆ ಬೇಕಾದರೂ ಕಟ್ಟಬಹುದು. 11 ಆಣೆಗೆ ಅರೆ ಉಂಟು, ಕಾಲು ಇಲ್ಲ, ಅರೆಕಾಲು ಉಂಟು, ವೀಸ ಉಂಟು. ಉಂಟು ಇದ್ದಲ್ಲಿ 1, ಇಲ್ಲ ಇದ್ದಲ್ಲಿ 0 ಬರೆಯಿರಿ: 1011. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಹನ್ನೊಂದನ್ನು ಬರೆಯುವುದು ಹೀಗೆಯೇ. ಹದಿನಾರರ ಪದ್ಧತಿಯೂ ಅಲ್ಲಿದೆ. ಹತ್ತರಿಂದ ಹದಿನೈದಕ್ಕೆ ಒಂಟಿ ಅಂಕಿ ಇಲ್ಲದ್ದರಿಂದ ಇಂಗ್ಲಿಷಿನ ಎ ಇಂದ ಎಫ್ ವರೆಗಿನ ಅಕ್ಷರ ಇಡುತ್ತಾರೆ. 190ನ್ನು 16ರಿಂದ ಭಾಗಿಸಿದರೆ 11, ಶೇಷ 14. ಹನ್ನೊಂದಕ್ಕೆ ಬಿ, ಹದಿನಾಲ್ಕಕ್ಕೆ ಇ, ಸೇರಿ 'ಬಿಇ'. ಪಿಯುಸಿ ಮಕ್ಕಳಿಗೆ ಇದನ್ನು ಹೇಳಿಕೊಡುವವರು ಮೊದಲು ಮನೆಯ ಪಹಣಿ ತರಿಸಿ ಶುರು ಮಾಡಿದರೆ ಪಾಠ ಬೇಗ ಹತ್ತುತ್ತದೆ ಎಂದು ನನ್ನ ನಂಬಿಕೆ. ವ್ಯತ್ಯಾಸ ಇಷ್ಟೇ: ಅಲ್ಲಿ ಎಲ್ಲ ಮನೆಗೂ ಒಂದೇ ಅಳತೆ, ಪಹಣಿಯಲ್ಲಿ ಮನೆಗೊಂದು ಅಳತೆ.

ದಶಾಂಶಕ್ಕೆ ತಿರುಗಿಸುವ ಕೆಲಸವೂ ಆಗಾಗ ಬೀಳುತ್ತದೆ. ಹೆಗ್ಗಡದೇವನಕೋಟೆ, ಹುಣಸೂರು ಕಡೆ ಶುಂಠಿಗೆ ಜಮೀನು ಗುತ್ತಿಗೆ ಹಿಡಿಯುವ ಕೇರಳದವರಿಗೆ ಸೆಂಟಿನ ಲೆಕ್ಕ ರೂಢಿ. ಎಕರೆಗೆ 100 ಸೆಂಟು, ಅಂದರೆ ಗುಂಟೆಗೆ ಎರಡೂವರೆ. 25 ಗುಂಟೆ ಅವರಿಗೆ 62.5 ಸೆಂಟು. ನಮ್ಮ ಲೆಕ್ಕದಿಂದ ದಶಾಂಶಕ್ಕೆ ಹೋಗುವಾಗ ಬಲದಿಂದ ಭಾಗಿಸುತ್ತಾ ಬನ್ನಿ: 4-30-15ರಲ್ಲಿ 15ನ್ನು 16ರಿಂದ ಭಾಗಿಸಿದರೆ 0.9375, ಅದಕ್ಕೆ 30 ಸೇರಿಸಿ 40ರಿಂದ ಭಾಗಿಸಿದರೆ ಸುಮಾರು 0.773, ಒಟ್ಟು 4.773 ಎಕರೆ. ಹೆಕ್ಟೇರ್ ಬೇಕಿದ್ದರೆ 0.4047ರಿಂದ ಗುಣಿಸಿ, 1.93 ಬರುತ್ತದೆ. ವಾಪಸು ಬರುವಾಗ ಗುಣಿಸುತ್ತಾ ಬರಬೇಕು: 3.69 ಎಕರೆಯ 0.69ನ್ನು 40ರಿಂದ ಗುಣಿಸಿದರೆ 27.6 ಗುಂಟೆ, ಆ 0.6ನ್ನು 16ರಿಂದ ಗುಣಿಸಿದರೆ ಒಂಬತ್ತೂವರೆ ಆಣೆಯ ಮೇಲೆ.

ತಾಳೆ ನೋಡಲು 640 ಎಂಬ ಒಂದು ಅಂಕಿ ನೆನಪಿರಲಿ, ಎಕರೆಗೆ ಅಷ್ಟು ಆಣೆ. ಎಲ್ಲವನ್ನೂ ಆಣೆ ಮಾಡಿಕೊಂಡರೆ ಕ್ಯಾಲ್ಕುಲೇಟರ್ ಧಾರಾಳವಾಗಿ ಬಳಸಬಹುದು. ಮೇಲಿನ ಮೂರು ಗದ್ದೆಗಳು 1,100, 569, 1,386 ಆಣೆ, ಮೊತ್ತ 3,055. ನಮ್ಮ 4-30-15 ಕೂಡ 3,055 ಆಣೆಯೇ. ಎಕ್ಸೆಲ್‌ನಲ್ಲಿ ಬರೆಯುವವರು ಎಕರೆ, ಗುಂಟೆ, ಆಣೆಗೆ ಬೇರೆ ಬೇರೆ ಕಾಲಂ ಮಾಡಿಕೊಳ್ಳಿ.

ಕ್ರಯಕ್ಕೋ ವಿಭಾಗಕ್ಕೋ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುನ್ನ ಪತ್ರದಲ್ಲಿನ ಪಾಲುಗಳನ್ನೆಲ್ಲ ಆಣೆ ಮಾಡಿ ಕೂಡಿ, ಪಹಣಿಯ ಮೊತ್ತಕ್ಕೆ ತಾಳೆ ನೋಡಿ. ಲೆಕ್ಕ ಸರಿಯಿದ್ದೂ ನೆಲದ ಮೇಲೆ ಕಡಿಮೆ ಕಂಡರೆ ಅದು ಅಂಕಿಯಿಂದ ಬಗೆಹರಿಯುವ ಮಾತಲ್ಲ. ಹದ್ದುಬಸ್ತಿಗೆ ಅರ್ಜಿ ಕೊಟ್ಟು ಅಳೆಸಿ.