ಒತ್ತಕ್ಷರದ ಒರೆಗಲ್ಲು

ಹೊಸ ಕಾರ್ಯಾಚರಣ ವ್ಯವಸ್ಥೆಯೋ ಬ್ರೌಸರೋ ಬಂದಾಗ ಮಿತ್ರರು ಅದರ ವೇಗವನ್ನು ಕೊಂಡಾಡುತ್ತಾರೆ. ನಾನಾದರೋ ಮೊದಲು ‘ಸ್ತ್ರೀ’ ಎಂದು ಬರೆದು ನೋಡುತ್ತೇನೆ. ಗಣಕಯಂತ್ರದ ಸ್ಮೃತಿಯಲ್ಲಿ ಈ ಒಂದಕ್ಷರವು ಸಕಾರ, ಹಲಂತ, ತಕಾರ, ಹಲಂತ, ರಕಾರ, ಈಕಾರಚಿಹ್ನೆ ಎಂಬ 6 ಸಂಕೇತಗಳ ಸಾಲು. ಅವನ್ನು ಕೂಡಿಸಿ ತೆರೆಯ ಮೇಲೆ ಮೂಡಿಸುವ ಹೊಣೆ ವ್ಯವಸ್ಥೆ, ಬ್ರೌಸರ್, ಫಾಂಟ್ ಈ ಮೂರಕ್ಕೂ ಸೇರಿದುದು. ಒಂದು ತಪ್ಪಿದರೂ ಅಕ್ಷರ ಒಡೆಯುತ್ತದೆ.

1991ರಲ್ಲಿ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ‘ತುಂಗಾ’ ಎಂಬ ಕನ್ನಡ ಫಾಂಟ್ ಬಂದಿತು. ಅದಕ್ಕೆ ಮುನ್ನ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಸಂಕೇತ. ಅಂದು ನಾನು ಬರೆದಿಟ್ಟ ಉಪನ್ಯಾಸಗಳನ್ನು ಇಂದು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಆದ್ದರಿಂದ ಹೊಸದನ್ನು ಒಪ್ಪುವ ಮುನ್ನ ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿರಿ. ವೇಗ ನಾಳೆಯೂ ಹೆಚ್ಚೀತು. ಕಳೆದ ಬರಹ ಮರಳಿ ಬಾರದು.